ಜೇಬು ಗಡಿಯಾರ ಯಾರದ್ದು? ಹೆಸರಿಗಿಂತ ಮೊದಲು ವರ್ಷ ಹುಡುಕಿ

ನಾನು ಕೆಲಸ ಕಲಿತದ್ದು ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ. ಈಗ ನನ್ನ ಮೇಜಿಗೆ ಬರುವ ಹಳೆಯ ಜೇಬು ಗಡಿಯಾರಗಳಲ್ಲಿ ಹೆಚ್ಚಿನವು ಕೋಲಾರದ ಕಡೆಯವು. ಕೆಜಿಎಫ್, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯಿಂದ ಬಸ್ಸು ಹತ್ತಿ ಬರುತ್ತಾರೆ. ರಿಪೇರಿ ಮಾಡಿಸುವುದಕ್ಕಿಂತ ಕೇಳಿ ತಿಳಿಯುವ ಆಸೆ ಅವರಿಗೆ ಜಾಸ್ತಿ. "ಸಾರ್, ನಮ್ಮ ತಾತನಿಗೆ ಯಾರೋ ದೊರೆ ಕೊಟ್ಟಿದ್ದಂತೆ. ಆ ದೊರೆ ಯಾರು ಅಂತ ಗೊತ್ತಾಗುತ್ತಾ?"

ದೊರೆ ಅಂದರೆ ಇಲ್ಲಿ ಗಣಿಯ ಇಂಗ್ಲಿಷ್ ಸಾಹೇಬರು. ಎಷ್ಟೋ ಸಲ ಗೊತ್ತಾಗುತ್ತದೆ. ಆದರೆ ಎಲ್ಲರೂ ಮೊದಲು ಕೆತ್ತಿದ ಹೆಸರನ್ನು ಹಿಡಿದು ಇಂಟರ್ನೆಟ್ಟಿನಲ್ಲಿ ಹುಡುಕಲು ಕೂರುತ್ತಾರೆ. ದಾರಿ ತಪ್ಪುವುದು ಅಲ್ಲೇ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿ ಕಂಪನಿ 1880ರಲ್ಲಿ ಕೋಲಾರಕ್ಕೆ ಬಂದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಿಂದ ಗಣಿ ಕೆಲಸ ಬಲ್ಲವರು ಗುಂಪುಗುಂಪಾಗಿ ಬಂದರು. ಒಂದೇ ಕುಟುಂಬದ ಅಣ್ಣ, ತಮ್ಮ, ಮಗ ಎಲ್ಲರೂ ಬಂದದ್ದುಂಟು. ಅದೇ ವಿಲಿಯಂ, ಅದೇ ಜಾನ್, ಅದೇ ಮನೆತನದ ಹೆಸರು. ಹೆಸರು ಹೊಂದಿತು ಅಂದ ಮಾತ್ರಕ್ಕೆ ಮನುಷ್ಯ ಸಿಕ್ಕಿದ ಅಂತಲ್ಲ. ಅದಕ್ಕೇ ನಾನು ಹೇಳುವುದು: ಮೊದಲು ಗಡಿಯಾರದ ವರ್ಷ, ಆಮೇಲೆ ಊರು, ಕೊನೆಗೆ ಹೆಸರು.

ಅದಕ್ಕೂ ಮುಂಚೆ ಒಂದು ಕೋರಿಕೆ. ದಯವಿಟ್ಟು ಪಾಲಿಷ್ ಮಾಡಬೇಡಿ. ಬೆಳ್ಳಿ ಕಪ್ಪಾಗಿದೆ ಅಂತ ಪುಡಿ ಹಾಕಿ ಉಜ್ಜಿದರೆ ಕೆತ್ತನೆ ಸವೆದು ಹೋಗುತ್ತದೆ. ಒಂದು ಅಕ್ಷರದ ಬಾಲ ಅಳಿಸಿಹೋದರೂ ಹುಡುಕಾಟ ಅಲ್ಲಿಗೇ ನಿಲ್ಲಬಹುದು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಗಡಿಯಾರದ ಮಟ್ಟಕ್ಕೇ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸವೆದ ಗೆರೆಯೂ ನೆರಳು ಬಿದ್ದು ಕಾಣುತ್ತದೆ. ಮುಳ್ಳಿನ ಮೇಲೋ ಅಂಕಿಗಳ ಮೇಲೋ ಕತ್ತಲಲ್ಲಿ ಹೊಳೆಯುವ ಬಣ್ಣ ಇದ್ದರೆ ಗಾಜು ತೆಗೆಯಲೇಬೇಡಿ. ಹಳೆಯ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಇರುತ್ತಿತ್ತು. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ. ಅದರ ಪುಡಿ ಉಸಿರಿನೊಳಗೆ ಹೋಗಬಾರದು.

ಇನ್ನು ಗಡಿಯಾರ ಓದುವುದು. ಡಯಲ್ ಮೇಲಿನ ಹೆಸರು ಸಾಮಾನ್ಯವಾಗಿ ಮಾಲೀಕನದ್ದಲ್ಲ, ಮಾಡಿದವರದ್ದು ಅಥವಾ ಮಾರಿದವರದ್ದು. ನಮ್ಮ ಕಡೆ ಪಿ. ಓರ್ ಅಂಡ್ ಸನ್ಸ್ (P. Orr & Sons), ಮದ್ರಾಸ್ ಅಂತ ಇರುವುದು ಆಗಾಗ ಸಿಗುತ್ತದೆ. ಅದು ಮೌಂಟ್ ರೋಡಿನ ಹೆಸರಾಂತ ಗಡಿಯಾರದ ಅಂಗಡಿ. ವೆಸ್ಟ್ ಎಂಡ್ ವಾಚ್ ಕಂಪನಿ ಅಂತಿದ್ದರೆ ಅದು ಬೊಂಬಾಯಿಯಲ್ಲಿ ಶುರುವಾದ ವ್ಯಾಪಾರ. ಬೆಳ್ಳಿಯ ಮುಚ್ಚಳದೊಳಗೆ ಎ.ಎಲ್.ಡಿ. ಎಂಬ ಮೂರು ಅಕ್ಷರ ಕಂಡು "ಇದೇ ದೊರೆಯ ಹೆಸರು" ಎಂದು ನಂಬಿಕೊಂಡು ಬಂದವರಿದ್ದಾರೆ. ಅದು ಆರನ್ ಲಫ್ಕಿನ್ ಡೆನಿಸನ್ ಅವರ ಗುರುತು. ಬರ್ಮಿಂಗ್‌ಹ್ಯಾಮಿನಲ್ಲಿ ವಾಚಿನ ಕೇಸ್ ಮಾಡುತ್ತಿದ್ದವರು. ಅಮೆರಿಕದ ವಾಲ್ತಮ್ ಕಂಪನಿಯ ಎಷ್ಟೋ ಮಷೀನುಗಳು, ಅಂದರೆ ಗಡಿಯಾರದ ಒಳಗಿನ ಯಂತ್ರಗಳು, ಅವರ ಕೇಸಿನೊಳಗೆ ಕೂತು ಮಾರಾಟವಾದವು.

ಇಂಗ್ಲಿಷ್ ಬೆಳ್ಳಿಯಾದರೆ ಅದೃಷ್ಟ. ನಡೆಯುವ ಸಿಂಹದ ಚಿಕ್ಕ ಮುದ್ರೆ ಇದ್ದರೆ ಬೆಳ್ಳಿ ಸಾವಿರಕ್ಕೆ 925 ಪಾಲು ಶುದ್ಧ. ಪಕ್ಕದ ಮುದ್ರೆ ಬೆಳ್ಳಿ ಪರೀಕ್ಷೆಯಾದ ಊರಿನದ್ದು: ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್, ಕತ್ತಿಯ ಜೊತೆ ಮೂರು ಗೋಧಿ ಕಟ್ಟು ಇದ್ದರೆ ಚೆಸ್ಟರ್. ಇವುಗಳ ಜೊತೆಗಿರುವ ಒಂಟಿ ಅಕ್ಷರವೇ ವರ್ಷ. ಒಂದೇ ಅಕ್ಷರಕ್ಕೆ ಲಂಡನ್ನಿನಲ್ಲಿ ಒಂದು ವರ್ಷ, ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಂದು. ಅಕ್ಷರದ ಬರಹ, ಅದರ ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ಆ ಊರಿನ ವರ್ಷದ ಅಕ್ಷರಗಳ ಪಟ್ಟಿಯೊಂದಿಗೆ ಹೋಲಿಸಬೇಕು. ಸ್ವಿಸ್ ಬೆಳ್ಳಿಯಲ್ಲಿ ಕರಡಿಯೋ ಕಾಡುಕೋಳಿಯೋ ಇರುತ್ತದೆ. ಅದು ಶುದ್ಧತೆ ಹೇಳುತ್ತದೆ, ವರ್ಷ ಹೇಳುವುದಿಲ್ಲ. ವಾಲ್ತಮ್, ಎಲ್ಜಿನ್‌ನಂಥ ಅಮೆರಿಕದ ಗಡಿಯಾರ ಆದರೆ ಮಷೀನಿನ ಮೇಲಿನ ನಂಬರ್ ನೋಡಿ. ನಂಬರಿನಿಂದ ವರ್ಷ ತಿಳಿಯುವ ಪಟ್ಟಿಗಳು ಪುಕ್ಕಟೆ ಸಿಗುತ್ತವೆ. ಕೇಸಿನ ನಂಬರ್ ಬೇರೆ, ಮಷೀನಿನ ನಂಬರ್ ಬೇರೆ.

ಹಿಂದಿನ ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಗೀಚಿದ ಸಣ್ಣ ಅಂಕಿಗಳೂ ಇರುತ್ತವೆ. ಅವು ನನ್ನಂಥ ರಿಪೇರಿಯವರ ಗುರುತು. ತಾರೀಕು ಇದ್ದರೆ ಆ ಹೊತ್ತಿಗೆ ಗಡಿಯಾರ ಬಳಕೆಯಲ್ಲಿತ್ತು ಎಂದರ್ಥ. ಕನ್ನಡ ಅಂಕಿಯೋ ತಮಿಳು ಅಂಕಿಯೋ ಇದ್ದರೆ, ಅದು ನಮ್ಮ ಕಡೆಯವರ ಕೈಗೆ ಬಂದಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಬೆಳ್ಳಿಯ ಮುದ್ರೆಯಿಂದಲೋ ಮಷೀನಿನ ನಂಬರಿನಿಂದಲೋ ಸಿಗುವ ವರ್ಷ ಗಡಿಯಾರ ತಯಾರಾದ ವರ್ಷ. ಕೆತ್ತನೆ ಹತ್ತಿಪ್ಪತ್ತು ವರ್ಷ ಬಿಟ್ಟೂ ಆಗಿರಬಹುದು. ಆದರೆ ಅದಕ್ಕಿಂತ ಮೊದಲು ಆಗಿರಲು ಸಾಧ್ಯವಿಲ್ಲ. ಈ ಒಂದು ಮಾತು ಬೇಡದ ಹೆಸರುಗಳನ್ನು ಜರಡಿ ಹಿಡಿದ ಹಾಗೆ ತೆಗೆದುಹಾಕುತ್ತದೆ. ಚಾಂಪಿಯನ್ ರೀಫ್ ಗಣಿಯ ಸಿಬ್ಬಂದಿ ಕೊಟ್ಟದ್ದು ಅಂತ ಕೆತ್ತಿದ್ದ ಒಂದು ಬೆಳ್ಳಿ ಗಡಿಯಾರದ ವಿಷಯದಲ್ಲಿ ಹೀಗೇ ಆಯಿತು. ಅದರ ಮೇಲೆ ಕೆತ್ತಿದ್ದ ಹೆಸರಿನ ಮೂರು ಮೊದಲಕ್ಷರಗಳಿಗೆ ಹೊಂದುವ ಇಬ್ಬರು ಸಿಕ್ಕರು. ಮನೆಯವರಿಗೆ ಸಮಾಧಿ ಕಲ್ಲಿನ ಮೇಲಿದ್ದ ಮೊದಲನೆಯವರೇ ಇಷ್ಟ. ಆದರೆ ಅವರು ತೀರಿಕೊಂಡಿದ್ದು ಆ ಬೆಳ್ಳಿಗೆ ಬರ್ಮಿಂಗ್‌ಹ್ಯಾಮಿನ ಮುದ್ರೆ ಬೀಳುವುದಕ್ಕೂ ಮುಂಚೆ. ಉಳಿದವರು ಎರಡನೆಯವರು. ಅವರು ನಿವೃತ್ತಿಯಾಗಿ ಇಂಗ್ಲೆಂಡಿಗೆ ಮರಳಿದ್ದರು.

ಎರಡನೆಯವರೇ ಎಂದು ಖಾತ್ರಿ ಮಾಡಿಕೊಳ್ಳಲು ಬೇರೆ ಬೇರೆ ಕಡೆಯ ಎರಡು ದಾಖಲೆಗಳು ಒಂದೇ ಮಾತು ಹೇಳಬೇಕು. ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪುಸ್ತಕಗಳ ಪ್ರತಿಗಳು ಆ ಕಾಲದಲ್ಲಿ ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಕೋಲಾರದ್ದನ್ನು ಮದ್ರಾಸಿನ ಸಾಲಿನಲ್ಲಿ, ಎನ್/2 ಎಂಬ ಗುರುತಿನಲ್ಲಿ ಹುಡುಕಬೇಕು. ಬ್ರಿಟಿಷ್ ಭಾರತದ ಕುಟುಂಬಗಳಿಗಾಗಿಯೇ ಇರುವ ಫಿಬಿಸ್ ಸಂಸ್ಥೆಯ ಹುಡುಕಾಟ ಉಚಿತ. ಕಾರ್ನ್‌ವಾಲಿನವರಲ್ಲಿ ಮೆಥಡಿಸ್ಟ್ ಎಂಬ ಬೇರೆ ಪಂಗಡದ ಕ್ರೈಸ್ತರು ಜಾಸ್ತಿ. ಆದ್ದರಿಂದ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ ಪುಸ್ತಕದಲ್ಲಿ ಸಿಗಲಿಲ್ಲ ಅಂತ ಕೈಬಿಡಬೇಡಿ. ಥ್ಯಾಕರ್ಸ್ ಡೈರೆಕ್ಟರಿಯಲ್ಲಿ ಹೆಸರು, ಕೆಲಸ, ಊರು ವರ್ಷವರ್ಷವೂ ಅಚ್ಚಾಗುತ್ತಿತ್ತು. ಇಂಗ್ಲೆಂಡಿನ ಉಯಿಲುಗಳ ಪಟ್ಟಿ 1858ರಿಂದ ಇದೆ. ಅದರಲ್ಲಿ ಸತ್ತವರ ವಿಳಾಸವೂ ಸಿಗುತ್ತದೆ. ಹುಡುಕುವಾಗ ಬಂಗಾರಪೇಟೆ ಅಂತ ಹಾಕಿದರೆ ಏನೂ ಸಿಗದು. ಆಗ ಅದು ಬೌರಿಂಗ್‌ಪೇಟೆ.

ರೈಲ್ವೆ ಗಡಿಯಾರದ ಲೆಕ್ಕವೇ ಬೇರೆ. ಎಂ. ಅಂಡ್ ಎಸ್.ಎಂ.ಆರ್. ಎಂದಿದ್ದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಅದು 1908ರಿಂದ 1951ರವರೆಗೆ ಇತ್ತು. ಅದರ ಕೆಳಗಿನ ನಂಬರ್ ಕಂಪನಿಯ ಸಾಮಾನಿನ ನಂಬರ್. ಮೊದಲ ಮಾಲೀಕ ಕಂಪನಿಯೇ. ಯಾವ ಗಾರ್ಡ್ ಜೇಬಿನಲ್ಲಿತ್ತು ಅನ್ನುವುದು ಮನೆಯವರ ನೆನಪಿನಲ್ಲೇ ಸಿಗಬೇಕು.

ಎಲ್ಲ ಗಡಿಯಾರವೂ ದೊರೆಗಳದ್ದಲ್ಲ. ಮೈಸೂರು ಸಂಸ್ಥಾನದ ಅಮಲ್ದಾರರಿಗೆ, ಮೇಷ್ಟರಿಗೆ, ಓವರ್‌ಸಿಯರ್‌ಗಳಿಗೆ ವರ್ಗವಾದಾಗ ಜನ ಪ್ರೀತಿಯಿಂದ ಕೊಟ್ಟದ್ದೂ ಇವೆ. ನನಗೆ ಇವುಗಳ ಮೇಲೆ ಹೆಚ್ಚು ಅಕ್ಕರೆ. ಯಾಕೆಂದರೆ ಇವರ ಬಗ್ಗೆ ಹುಡುಕುವವರು ಕಡಿಮೆ. ಇಲ್ಲಿ ಇಂಗ್ಲಿಷರ ಲೆಕ್ಕ ನಡೆಯುವುದಿಲ್ಲ. ಅವರಲ್ಲಿ ಕೊನೆಯ ಅಕ್ಷರ ಮನೆತನದ್ದು. ನಮ್ಮಲ್ಲಿ ಮೊದಲನೆಯದು ಊರಿನದ್ದು, ಎರಡನೆಯದು ತಂದೆಯದ್ದು, ಕೊನೆಯದು ಅವರದೇ ಹೆಸರಿನದ್ದು ಇರುವುದೇ ಹೆಚ್ಚು. ಟಿ ಅಂದರೆ ತಿಪಟೂರೋ ತುರುವೇಕೆರೆಯೋ ಇರಬಹುದು. ಸಂಸ್ಥಾನದ ಗೆಜೆಟ್ಟಿನಲ್ಲಿ ನೇಮಕ, ವರ್ಗಾವಣೆ ಅಚ್ಚಾಗುತ್ತಿತ್ತು. ತಾಲ್ಲೂಕು ಮತ್ತು ವರ್ಷ ಗೊತ್ತಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೂತು ನೋಡಬಹುದು. ತಾಳ್ಮೆ ಬೇಕು, ಅಷ್ಟೇ.

ಮೂಲ ಮಾಲೀಕರ ವಂಶದವರು ಸಿಕ್ಕರೆ ಮೊದಲು ಫೋಟೊ ಕಳಿಸಿ, ಮಾತಾಡಿ. ಎಷ್ಟೋ ಜನಕ್ಕೆ ಫೋಟೊ, ದಾಖಲೆಗಳ ನಕಲು ಸಿಕ್ಕರೆ ಸಾಕು. ಗಡಿಯಾರವನ್ನೇ ವಿದೇಶಕ್ಕೆ ಕಳಿಸುವ ಮನಸ್ಸಾದರೆ ಪೋಸ್ಟ್ ಆಫೀಸಿಗೆ ಹೋಗುವ ಮುಂಚೆ ಕಾನೂನು ನೋಡಿ. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರಬಹುದು. ಅಂಥದ್ದನ್ನು ಸುಮ್ನೆ ಪಾರ್ಸೆಲ್ ಮಾಡಿದರೆ ಅಪರಾಧವಾಗುತ್ತದೆ. ಬೆಂಗಳೂರಿನ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಗೆ ಗಡಿಯಾರವನ್ನೂ ನೀವು ಕೂಡಿಸಿದ ಕಾಗದಗಳನ್ನೂ ತೋರಿಸಿ, ಅವರ ಅಭಿಪ್ರಾಯ ಬರಹದಲ್ಲಿ ಪಡೆಯಿರಿ.