ನಕ್ಕವರಿಗೆ ಖಿನ್ನತೆ ಇರುವುದಿಲ್ಲವೇ? ದಿನನಿತ್ಯದ ಭಾವನೆಗಳನ್ನು ಅಳೆದ ಸಂಶೋಧನೆಯ ಹಿನ್ನೆಲೆ

ಮೈಸೂರು–ಮಂಡ್ಯ ಸೀಮೆಯ ಮನೆಗಳಲ್ಲಿ ಖಿನ್ನತೆಯ ಮಾತು ಬಂದರೆ ಮೊದಲು ಕೇಳಿಬರುವ ಆಕ್ಷೇಪ ಇದು: 'ಮೊನ್ನೆ ಬೀಗರೂಟದಲ್ಲಿ ನಕ್ಕೊಂಡು ಓಡಾಡ್ತಿದ್ಳಲ್ಲ, ಇವಳಿಗೆಂಥ ಖಿನ್ನತೆ?' ಮೊಬೈಲಿಗೆ ಬಂದು ಬೀಳುವ ಆರೋಗ್ಯ ಸಲಹೆಗಳಲ್ಲೂ ಒಮ್ಮತವಿಲ್ಲ. ಖಿನ್ನತೆ ಎಂದರೆ ಯಾವ ಭಾವನೆಯೂ ಮೂಡದ ಸ್ಥಿತಿ ಎಂದು ಒಂದು ಹೇಳಿದರೆ, ಭಾವನೆ ಅತಿಯಾಗಿ ಉಕ್ಕುವುದೇ ಖಿನ್ನತೆ ಎಂದು ಇನ್ನೊಂದು ಹೇಳುತ್ತದೆ. ಮನಃಶಾಸ್ತ್ರಜ್ಞರ ನಡುವೆಯೂ ಈ ಬಗ್ಗೆ ಬಹುಕಾಲ ಎರಡು ಮಾತುಗಳಿದ್ದವು.

ಮನಸ್ಸನ್ನು ಅಳೆಯುವ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, 1924ರಲ್ಲಿ. ಆಗ ಬ್ರಜೇಂದ್ರನಾಥ ಸೀಲ್ ಕುಲಪತಿ. ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ, ಬುದ್ಧಿಶಕ್ತಿಯನ್ನು ಅಳೆಯುವ ವಿಧಾನಗಳಿಗೆ ಹೆಸರಾದ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಬಾನುಲಿ ಕೇಂದ್ರ ಆರಂಭಿಸಿದವರೂ ಇವರೇ.

ಖಿನ್ನತೆಯನ್ನು ಅಂಕಗಳಲ್ಲಿ ಹೇಳುವ ಪದ್ಧತಿ ಗಟ್ಟಿಯಾದದ್ದು ಮಾತ್ರ ತಡವಾಗಿ. 1960ರಲ್ಲಿ ಹ್ಯಾಮಿಲ್ಟನ್ ಮಾಪಕ, 1961ರಲ್ಲಿ ಬೆಕ್ ಪ್ರಶ್ನಾವಳಿ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ, ಲಕ್ಷಣಗಳು ಕನಿಷ್ಠ 'ಎರಡು ವಾರ' ಇರಬೇಕೆಂಬ ಮಾನದಂಡ, 2001ರಲ್ಲಿ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9. ಈ ಕೊನೆಯದು ಇಂದು ನಮ್ಮ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. 'ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹೀಗನ್ನಿಸಿತು?' ಎಂದು ಅದು ಕೇಳುತ್ತದೆ. ಆ ಎರಡು ವಾರವನ್ನು ನೆನೆದು ಹೇಳಬೇಕಾದವರು ಅದೇ ಕುಗ್ಗಿದ ಮನಸ್ಸಿನವರು. ಬೇಸರದಲ್ಲಿರುವಾಗ ಬೇಸರದ ಸಂಗತಿಗಳೇ ಬೇಗ ನೆನಪಿಗೆ ಬರುತ್ತವೆ ಎಂಬುದು ಮನಃಶಾಸ್ತ್ರದಲ್ಲಿ ಹಳೆಯ ತಿಳಿವಳಿಕೆ. ಹಾಗಾಗಿ ಅಂಕ ಬರುತ್ತದೆ, ಆ ಹದಿನಾಲ್ಕು ದಿನ ಒಳಗೆ ಏನೇನಾಯಿತು ಎಂಬುದು ಮಾತ್ರ ಬರುವುದಿಲ್ಲ.

ಇದಕ್ಕೆ ದಾರಿ ತೋರಿಸಿದ್ದು ಪೇಜರ್, ಅಂದರೆ ಕರೆ ಬಂದಾಗ ಸದ್ದು ಮಾಡುವ ಪುಟ್ಟ ಯಂತ್ರ. 1970ರ ದಶಕದಲ್ಲಿ ಶಿಕಾಗೋದಲ್ಲಿ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಮತ್ತು ರೀಡ್ ಲಾರ್ಸನ್ ಹದಿಹರೆಯದವರ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ 'ಈಗ ಏನು ಮಾಡುತ್ತಿದ್ದೀಯ, ಮನಸ್ಸು ಹೇಗಿದೆ' ಎಂದು ಬರೆಸಿಕೊಂಡರು. ನೆನಪನ್ನು ಕೇಳುವ ಬದಲು ಆ ಗಳಿಗೆಯನ್ನೇ ಕೇಳುವ ವಿಧಾನ ಇದು. ಖಿನ್ನತೆಯ ಅಧ್ಯಯನಕ್ಕೆ ಇದನ್ನು ತಂದಾಗ ಯಾರೂ ನಿರೀಕ್ಷಿಸದ ಚಿತ್ರ ಕಂಡಿತು.

ಆ ಹೊತ್ತಿಗೆ ಪ್ರಯೋಗಾಲಯದವರು ಬೇರೆಯೇ ತೀರ್ಮಾನಕ್ಕೆ ಬಂದಿದ್ದರು. ಅಮೆರಿಕದ ಮನಃಶಾಸ್ತ್ರಜ್ಞ ಜೊನಾಥನ್ ರಾಟನ್‌ಬರ್ಗ್ ಮತ್ತು ಸಂಗಡಿಗರು ಖಿನ್ನತೆ ಇರುವವರಿಗೆ ನಗಿಸುವ ಮತ್ತು ಅಳಿಸುವ ಚಲನಚಿತ್ರದ ತುಣುಕುಗಳನ್ನು ತೋರಿಸಿ ನೋಡಿದರು. ಎರಡಕ್ಕೂ ಪ್ರತಿಕ್ರಿಯೆ ಮಂಕಾಗಿತ್ತು. 2008ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ ಉತ್ತರ ಅದೇ ಬಂತು. ಸಂದರ್ಭ ಬದಲಾದರೂ ಮನಸ್ಸು ಕದಲದ ಸ್ಥಿತಿ ಖಿನ್ನತೆ ಎಂಬ ಮಾತು ಬಲ ಪಡೆದದ್ದು ಹೀಗೆ.

ಪ್ರಯೋಗಾಲಯದಿಂದ ಹೊರಗೆ ಬಂದರೆ ಸಂಗತಿ ತಿರುವುಮುರುವು. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ತಂಡ 2003ರಲ್ಲೇ, ದಿನದಲ್ಲಿ ಒಳ್ಳೆಯದೇನಾದರೂ ನಡೆದಾಗ ಖಿನ್ನತೆ ಇರುವವರ ಮನಸ್ಸು ಇತರರಿಗಿಂತ ಹೆಚ್ಚೇ ಹಗುರಾಗುತ್ತದೆ ಎಂದು ವರದಿ ಮಾಡಿತ್ತು. 2011ರಲ್ಲಿ ರಾಟನ್‌ಬರ್ಗ್ ಅವರ ತಂಡವೇ ದಿನನಿತ್ಯದ ಬದುಕನ್ನು ಹಿಂಬಾಲಿಸಿದಾಗ ಅದಕ್ಕೂ ಇದೇ ಕಂಡಿತು. ತಮ್ಮ ವಾದಕ್ಕೆ ಒಗ್ಗದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಸಂಗತಿ.

ಈ ಸಾಲಿನಲ್ಲಿ ನಿಧಾನವಾಗಿ ಓದಬೇಕಾದದ್ದು ರೆನೇ ಥಾಂಪ್ಸನ್ ಮತ್ತು ಸಂಗಡಿಗರ 2012ರ ಅಧ್ಯಯನ. ಖಿನ್ನತೆ ಇರುವ 53 ವಯಸ್ಕರು, ಇಲ್ಲದ 53 ವಯಸ್ಕರು. ಎಲ್ಲರ ಕೈಯಲ್ಲೂ ಒಂದು ಪುಟ್ಟ ಯಂತ್ರ. ಸುಮಾರು 7 ದಿನ, ದಿನಕ್ಕೆ 8 ಸಲ, ಮುಂಚೆ ಗೊತ್ತಿರದ ಹೊತ್ತಿನಲ್ಲಿ ಅದು ಎಚ್ಚರಿಸುತ್ತಿತ್ತು. ಕೆಟ್ಟ ಘಟನೆಗಳಾದಾಗ ಎರಡೂ ಗುಂಪಿನವರ ನೋವು ಏರಿದ್ದು ಒಂದೇ ಅಳತೆಯಲ್ಲಿ. ಒಳ್ಳೆಯ ಘಟನೆಗಳಾದಾಗ ಖಿನ್ನತೆ ಇರುವವರ ನೋವು ಇತರರದಕ್ಕಿಂತ ಹೆಚ್ಚು ತಗ್ಗಿತು. ಅದೇ ಜನರಲ್ಲಿ ನೋವಿನ ಭಾವಗಳ ಏರಿಳಿತವೂ ಜಾಸ್ತಿ ಇತ್ತು. ನಡೆದ ಘಟನೆಗಳು ಎಷ್ಟು, ಎಂಥವು ಎಂಬ ಲೆಕ್ಕದಿಂದ ಈ ಏರಿಳಿತದ ಅಂತರವನ್ನು ವಿವರಿಸಲು ಆಗಲಿಲ್ಲ. ಅಂದರೆ, ಬೀಗರೂಟದಲ್ಲಿ ನಕ್ಕದ್ದೂ ನಿಜ, ಮನೆಗೆ ಬಂದ ಮೇಲೆ ಕಾರಣ ಹೇಳಲಾಗದೆ ಕುಸಿದದ್ದೂ ನಿಜ. ಒಂದನ್ನು ಸಾಕ್ಷಿಯಾಗಿ ಹಿಡಿದು ಇನ್ನೊಂದನ್ನು ನಾಟಕ ಎನ್ನುವುದು ಅನ್ಯಾಯ.

ಇದೇ ವರ್ಷಗಳಲ್ಲಿ ಬೆಲ್ಜಿಯಂನ ಪೀಟರ್ ಕುಪ್ಪೆನ್ಸ್ ಭಾವನೆಯ ಜಡತ್ವದ ಬಗ್ಗೆ ಬರೆದರು. ಒಂದು ಭಾವ ಬಂದು ಕೂತರೆ ಬೇಗ ಏಳದಿರುವುದು ಮಾನಸಿಕ ತೊಂದರೆಯ ಗುರುತು ಎಂಬುದು ಅವರ ವಾದ. ಥಾಂಪ್ಸನ್ ತಂಡಕ್ಕೆ ಜಡತ್ವದಲ್ಲಿ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಕುಪ್ಪೆನ್ಸ್ ಕೂಡ ಇದ್ದ, ಎಗೊನ್ ಡೆಯೊಂಕ್‌ಹೀರ್ ಮುಂದಾಳತ್ವದ ತಂಡ, ಜಡತ್ವದಂಥ ಈ ಸೂಕ್ಷ್ಮ ಅಳತೆಗಳೆಲ್ಲ ಭಾವನೆಯ ಸರಾಸರಿ ಮತ್ತು ಏರಿಳಿತದ ಪ್ರಮಾಣಕ್ಕಿಂತ ಹೆಚ್ಚಿಗೆ ಹೇಳುವುದು ಬಹಳ ಕಡಿಮೆ ಎಂದು ತೋರಿಸಿತು. ಕೆಆರ್‌ಎಸ್‌ನ ನೀರಿನ ಮಟ್ಟ ತಿಳಿದಿದ್ದರೆ ಒಳಹರಿವು, ಹೊರಹರಿವಿನ ಲೆಕ್ಕ ಬೇಕಿಲ್ಲ ಎಂದ ಹಾಗೆ. ಜನರ ಗುಂಪುಗಳನ್ನು ಹೋಲಿಸಲು ಅಷ್ಟು ಸಾಕಾಗಬಹುದು. ಜೊತೆಯಲ್ಲಿ ಬದುಕುವ ಮನೆಯವರಿಗೆ ಸಾಲದು ಎಂದೇ ನನಗನ್ನಿಸುತ್ತದೆ. ಅವರು ಎದುರಿಸಬೇಕಾದದ್ದು ಬೆಳಿಗ್ಗೆಯ ಮೌನವನ್ನು, ಸಂಜೆಯ ಸಿಟ್ಟನ್ನು, ಸರಾಸರಿಯನ್ನಲ್ಲ.

ಇವೆಲ್ಲ ಹೊರದೇಶದ ಮಾತಾಯಿತು. 2015ರಲ್ಲಿ ಕಬ್ಬಿನ ಬಾಕಿ, ಸಾಲ, ರೈತರ ಆತ್ಮಹತ್ಯೆಗಳಿಂದ ಮಂಡ್ಯ ತತ್ತರಿಸಿದಾಗ ಇದು ಹಣದ ಸಮಸ್ಯೆಯೋ ಮನಸ್ಸಿನ ಸಮಸ್ಯೆಯೋ ಎಂಬ ಚರ್ಚೆ ನಡೆಯಿತು. ಒಂದನ್ನೇ ಆರಿಸಬೇಕೆಂಬ ಹಟದಲ್ಲಿ ಎರಡೂ ಅರ್ಧಕ್ಕೆ ನಿಂತವು. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 20 ಜನರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆ ಅನುಭವಿಸುತ್ತಾರೆ, ಬಹುಪಾಲು ಜನರಿಗೆ ಚಿಕಿತ್ಸೆ ಸಿಗುವುದಿಲ್ಲ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. 2022ರಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, 14416, ಕನ್ನಡದಲ್ಲೂ ಮಾತಾಡಿಸುತ್ತದೆ.

ಆದರೂ ಪ್ರಶ್ನೆ ಕೇಳುವ ಕ್ರಮ ಹಳೆಯದೇ. ಸುಸ್ತು, ತಲೆನೋವು, ಎದೆ ಭಾರ ಎಂದು ಬಂದವರನ್ನು ಒಂದು ಸಲ ಕೇಳಿ, ಅಂಕ ಹಾಕಿ ಕಳಿಸುತ್ತೇವೆ. ಮನೆಯವರು ಜೊತೆಗೆ ಬಂದದ್ದು, ಯಾರೋ ಎದುರಿಗೆ ಕೂತು ಸಮಾಧಾನದಿಂದ ಮಾತಾಡಿಸಿದ್ದು, ಇವೇ ಆ ದಿನದ ಒಳ್ಳೆಯ ಘಟನೆಗಳು. ಮೇಲಿನ ಅಧ್ಯಯನಗಳನ್ನು ನಂಬುವುದಾದರೆ, ಆ ಗಳಿಗೆಯಲ್ಲಿ ರೋಗಿ ಇದ್ದುದಕ್ಕಿಂತ ಚೆನ್ನಾಗಿಯೇ ಕಾಣಬಹುದು. ಹದಿನೈದು ದಿನ ಬಿಟ್ಟು ಆಶಾ ಕಾರ್ಯಕರ್ತೆ ಮನೆ ಹತ್ತಿರ ಹೋಗಿ, ಬೇರೆಬೇರೆ ಹೊತ್ತಿನಲ್ಲಿ 'ಈಗ ಹೆಂಗವ್ವ ಇದ್ದೀಯ?' ಎಂದು ಕೇಳಿದರೆ ಸಿಗುವ ಉತ್ತರ ಬೇರೆಯೇ ಇದ್ದೀತು. ಅದಕ್ಕೆ ಆಕೆಗಿರುವ ಕೆಲಸದ ಹೊರೆ ಇಳಿಯಬೇಕು, ಸಂಬಳವೂ ಏರಬೇಕು. ಮೊಬೈಲ್ ಆ್ಯಪ್‌ನಲ್ಲಿ ಕೇಳೋಣವೆಂದರೆ, ಮನೆಗೆಲ್ಲ ಇರುವ ಒಂದು ಫೋನು ಎಷ್ಟೋ ಕಡೆ ಗಂಡನದ್ದೋ ಮಗನದ್ದೋ ಆಗಿರುತ್ತದೆ.

ಒಳ್ಳೆಯ ಘಟನೆಗೆ ಮನಸ್ಸು ಇನ್ನೂ ಸ್ಪಂದಿಸುತ್ತದೆ ಎಂಬುದು ಚಿಕಿತ್ಸೆಗೂ ಒದಗುವ ಸಂಗತಿ. ಬಿಟ್ಟುಹೋದ ಕೆಲಸ, ಒಡನಾಟಗಳನ್ನು ಯೋಜನೆ ಹಾಕಿಕೊಂಡು ಮರಳಿ ದಿನಚರಿಗೆ ತರುವ ಚಿಕಿತ್ಸಾ ಕ್ರಮವೊಂದಿದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ ಇದನ್ನು ಪರೀಕ್ಷಿಸಿ, ಫಲಿತಾಂಶವನ್ನು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಸಮಾಲೋಚನೆ ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿಗಳಲ್ಲಿ ತೀವ್ರ ಖಿನ್ನತೆ ಇದ್ದವರಲ್ಲೂ ಸುಧಾರಣೆ ಕಂಡಿತು. ಮದ್ದೂರು, ಮಳವಳ್ಳಿ, ನಾಗಮಂಗಲದಲ್ಲಿ ಇಂಥದ್ದನ್ನು ಶುರುಮಾಡಲು ಹೊಸ ಕಟ್ಟಡ ಬೇಕಿಲ್ಲ. ತರಬೇತಿ ಕೊಡುವವರು ಬೇಕು, ಆ ಆರೆಂಟು ಭೇಟಿಗೆ ಮನೆಯವರು ಅಡ್ಡಿ ಮಾಡದೆ ಕಳಿಸಬೇಕು.