ಘಾಟಿ ದಾರಿಗೆ ಫಾಸ್ಟ್ ಚಾರ್ಜರ್: ಮೊದಲು ನೋಡಬೇಕಾದ್ದು ಲೈನು, ಮಣ್ಣು, ತೇವ

ಬೆಂಗಳೂರಿನಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟ 40 ಯೂನಿಟ್ ಬ್ಯಾಟರಿಯ ಕಾರು ಹಾಸನ ಮುಟ್ಟುವ ಹೊತ್ತಿಗೆ ಚಾರ್ಜು ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ಸಕಲೇಶಪುರ, ದೋಣಿಗಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ. ಅತ್ತ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ. ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿ.ಮೀ.ಗೊಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತ್ತು. ನಕ್ಷೆಯ ಮೇಲೆ ಚುಕ್ಕಿ ಇಡುವುದು ಸುಲಭ. ಆ ಚುಕ್ಕಿಯಲ್ಲಿ ನಿಲ್ಲಿಸಿದ ಯಂತ್ರ ಮಲೆನಾಡಿನ ಮಳೆಗಾಲ ದಾಟಿ ಬದುಕಬೇಕಾದರೆ ತಲೆ ಕೆಡಿಸಿಕೊಳ್ಳಬೇಕಾದ ವಿಷಯಗಳೇ ಬೇರೆ.

ಜಾಗದ ಮಾತು ಮೊದಲು. ಶಿರಾಡಿ ಘಾಟಿಯ ಬುಡದ ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಏರಬೇಕು. ಜನ ಸೇರಿ 1,900 ಕೆ.ಜಿ. ತೂಗುವ ಕಾರನ್ನು ಅಷ್ಟೆತ್ತರಕ್ಕೆ ಎತ್ತಲು 4 ಯೂನಿಟ್‌ಗಿಂತ ತುಸು ಹೆಚ್ಚು ಬೇಕು. ಮೋಟರಿನ ನಷ್ಟವೂ ಸೇರಿದರೆ 4.5ರಿಂದ 5. ಸಮತಟ್ಟು ರಸ್ತೆಯಲ್ಲಾದರೆ ಅಷ್ಟಕ್ಕೆ 30 ಕಿ.ಮೀ. ಹೋಗಬಹುದು. ಹಾಗಾಗಿ ಕರಾವಳಿ ಕಡೆಯಿಂದ ಬರುವವರಿಗೆ ಘಾಟಿಯ ಬುಡದಲ್ಲೇ ಚಾರ್ಜರ್ ಬೇಕು. ಇಳಿಯುವವರ ಲೆಕ್ಕ ಬೇರೆ. ಇಳಿಜಾರಿನಲ್ಲಿ ಮೋಟರೇ ಡೈನಮೋ ಆಗಿ ಬ್ಯಾಟರಿ ತುಂಬುವುದರಿಂದ ಘಾಟಿ ಇಳಿಯಲು ಹೆಚ್ಚೂಕಮ್ಮಿ ಚಾರ್ಜೇ ಖರ್ಚಾಗುವುದಿಲ್ಲ. ಆದರೆ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಆ ಕರೆಂಟಿಗೆ ಜಾಗವಿರದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸಕಲೇಶಪುರದ ಚಾರ್ಜರಿನಲ್ಲಿ ‘ಮಂಗಳೂರು ಕಡೆ ಹೋಗುವವರು 80ಕ್ಕೆ ನಿಲ್ಲಿಸಿ’ ಎಂಬ ಬೋರ್ಡು ಇರಲೇಬೇಕು. 80ರ ಮೇಲೆ ಚಾರ್ಜಿಂಗ್ ಹೇಗೂ ನಿಧಾನ, ಸರದಿಯಲ್ಲಿ ನಿಂತವರಿಗೂ ಉಪಕಾರ.

ಇನ್ನು ಕರೆಂಟು. 240 ಕಿಲೋವ್ಯಾಟಿನ ಒಂದು ದೊಡ್ಡ ಯಂತ್ರಕ್ಕಿಂತ 60 ಕಿಲೋವ್ಯಾಟಿನ ಎರಡು ಯಂತ್ರಗಳು ಈ ದಾರಿಗೆ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ, ಕಾಡಿನಂಚಿನಲ್ಲಿ ಯಾರೂ ಸಿಕ್ಕಿಕೊಳ್ಳುವುದಿಲ್ಲ. 60ರ ಯಂತ್ರ ಮೂರು ಫೇಸಿನಲ್ಲಿ ಸುಮಾರು 90 ಆಂಪಿಯರ್ ಎಳೆಯುತ್ತದೆ. ಊರಿನ 100 ಕೆವಿಎ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಎರಡನ್ನು ಜೋಡಿಸಿದರೆ ಸಂಜೆ ಊರೇ ಕತ್ತಲಾಗುತ್ತದೆ. 250 ಕೆವಿಎಯ ಪ್ರತ್ಯೇಕ ಟಿಸಿ ಹಾಕಿಸಬೇಕು. ಅದಕ್ಕೆ ವಿದ್ಯುತ್ ಕಂಪನಿಗೆ ಅರ್ಜಿ: ಹಾಸನ ಜಿಲ್ಲೆಯಲ್ಲಾದರೆ ಸೆಸ್ಕ್‌ಗೆ, ಚಿಕ್ಕಮಗಳೂರಿನಲ್ಲಾದರೆ ಮೆಸ್ಕಾಂಗೆ.

ಎರಡು ಯಂತ್ರ ಸೇರಿ 11 ಕೆ.ವಿ. ಲೈನಿನಿಂದ ಎಳೆಯುವುದು ಬರೀ 7 ಆಂಪಿಯರ್. ಲೈನಿಗೆ ಇದು ದೊಡ್ಡ ಹೊರೆಯಲ್ಲ. ತೊಂದರೆ ಬರುವುದು ಅದೇ ಫೀಡರಿನ (ಸಬ್‌ಸ್ಟೇಷನ್ನಿನಿಂದ ಬರುವ ಲೈನಿನ) ಮೇಲಿರುವ ಉಳಿದವರಿಂದ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆಂದು ತೋಟಗಳ ಸ್ಪ್ರಿಂಕ್ಲರ್ ಪಂಪುಗಳು ಒಟ್ಟಿಗೆ ಓಡಿದಾಗ ಫೀಡರಿನ ತುದಿಯಲ್ಲಿ ವೋಲ್ಟೇಜು ಕುಸಿಯುತ್ತದೆ. 415 ವೋಲ್ಟಿಗೆ ಶೇ. 10ರ ಆಚೀಚೆ ಮಾತ್ರ ತಾಳುವ ಚಾರ್ಜರ್ 373ರ ಕೆಳಗಿಳಿದರೆ ತಾನಾಗಿ ನಿಲ್ಲುತ್ತದೆ. ಟಿಸಿಯಿಂದ ಹೊರಬರುವ ವೋಲ್ಟೇಜನ್ನು ಹೊಂದಿಸುವ ಟ್ಯಾಪನ್ನು ಒಂದೆರಡು ಹೆಜ್ಜೆ ಏರಿಸಿದರೆ ಸಂಜೆ ಸರಿಹೋಗುತ್ತದೆ, ಆದರೆ ಪಂಪುಗಳು ನಿಂತ ನಡುರಾತ್ರಿ ವೋಲ್ಟೇಜು ಮೇಲ್ಮಿತಿ ಮೀರಬಹುದು. ಆದ್ದರಿಂದ ಜಾಗ ಕೊಳ್ಳುವ ಮುಂಚೆಯೇ ಪಂಪುಗಳ ಕಾಲದಲ್ಲಿ ಒಂದು ವಾರ, ಹಗಲು ರಾತ್ರಿ, ಅಲ್ಲಿನ ವೋಲ್ಟೇಜನ್ನು ಲಾಗರ್ ಇಟ್ಟು ದಾಖಲಿಸಬೇಕು.

ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದು ಒಂದು ಫೇಸು ಹೋದರೂ ಚಾರ್ಜರ್ ಬಂದ್. ಇದಕ್ಕೆ ಉತ್ತರ ಜೊತೆಯಲ್ಲೊಂದು 100 ಯೂನಿಟ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಒಂದು ಕಾರು ಶೇ. 10ರಿಂದ 80ಕ್ಕೆ ಬರಲು 28 ಯೂನಿಟ್ ಬೇಕು ಎಂದುಕೊಂಡರೆ, ಲೈನು ಸತ್ತಾಗಲೂ ಮೂರು ಕಾರು ದಾಟಿಸಬಹುದು. ಬಡಕಲು ಲೈನಿನಲ್ಲಿ ಇದೇ ಬ್ಯಾಟರಿಯನ್ನು 25 ಕಿಲೋವ್ಯಾಟಿನಲ್ಲಿ ದಿನವಿಡೀ ನಿಧಾನವಾಗಿ ತುಂಬಿಸಿ, ಕಾರಿಗೆ 60ರ ವೇಗದಲ್ಲಿ ಬಿಡುವುದೂ ಸಾಧ್ಯ. ದುಬಾರಿ ನಿಜ, ಆದರೆ ಕಿಲೋಮೀಟರುಗಟ್ಟಲೆ ಹೊಸ ಲೈನು ಎಳೆಯುವ ಅಂದಾಜುಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಅರ್ತಿಂಗನ್ನು ಜುಲೈ, ಆಗಸ್ಟಿನಲ್ಲಿ ಅಳೆದು ‘ಚೆನ್ನಾಗಿದೆ’ ಎಂದು ಬರೆದುಕೊಳ್ಳುವುದು ದೊಡ್ಡ ತಪ್ಪು. ಒದ್ದೆ ಮಣ್ಣಿನಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಗುಡ್ಡದ ಜಂಬಿಟ್ಟಿಗೆ, ಗರಸು ನೆಲ ಬೇಸಿಗೆಯಲ್ಲಿ ಒಣಗಿದಾಗ ಅದೇ ಅರ್ತ್ ಗುಂಡಿಯ ರೋಧ (ಕರೆಂಟಿಗೆ ಒಡ್ಡುವ ತಡೆ) ಕೆಲವು ಪಟ್ಟು ಏರುತ್ತದೆ. ಸಿಡಿಲು ಜೋರಾಗಿ ಹೊಡೆಯುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ! ಅಳೆಯಬೇಕಾದ್ದು ಆಗಲೇ. ಎರಡೂವರೆ ಮೀಟರಿನ ಪೈಪುಗಳನ್ನು ಕನಿಷ್ಠ ಐದು ಮೀಟರ್ ಅಂತರದಲ್ಲಿ ಹೂತು ಲೋಹದ ಪಟ್ಟಿಯಿಂದ ಜೋಡಿಸಿ; ಹತ್ತಿರ ಹತ್ತಿರ ಹೂತರೆ ಎರಡು ಗುಂಡಿ ಒಂದರ ಕೆಲಸವನ್ನೇ ಮಾಡುತ್ತವೆ. ಮುಖ್ಯ ಪ್ಯಾನೆಲಿನಲ್ಲಿ ಸಿಡಿಲು ತಾಳುವ ಸರ್ಜ್ ರಕ್ಷಕ ಇರಲಿ, ಅದರ ಅರ್ತ್ ತಂತಿ ಗಿಡ್ಡವಾಗಿ, ಸುತ್ತಿಲ್ಲದೆ ಇರಲಿ.

ಉತ್ತರ ನಾರ್ವೆಯ ಹೆದ್ದಾರಿಗಳಲ್ಲಿ ಚಾರ್ಜರ್ ಕಟ್ಟುವವರ ಚಿಂತೆ ಚಳಿ. ತಣ್ಣಗಾದ ಬ್ಯಾಟರಿ ಬೇಗ ಕರೆಂಟು ತೆಗೆದುಕೊಳ್ಳುವುದಿಲ್ಲ. ನಮ್ಮ ಚಿಂತೆ ತೇವ. ಕೊಟ್ಟಿಗೆಹಾರದಂಥ ಕಡೆ ಮಳೆಗಾಲದ ಗಾಳಿಯಲ್ಲಿ ಆರ್ದ್ರತೆ ಶೇ. 95 ದಾಟಿ ದಿನಗಟ್ಟಲೆ ಹಾಗೇ ನಿಂತಿರುತ್ತದೆ. ರಾತ್ರಿಯೆಲ್ಲ ಕಾರು ಬಾರದೆ ತಣ್ಣಗಿದ್ದ ಕ್ಯಾಬಿನೆಟ್ಟಿನೊಳಗೆ, ಸರ್ಕ್ಯೂಟ್ ಬೋರ್ಡುಗಳ ಮೇಲೆ ಸಣ್ಣಗೆ ನೀರು ಕೂರುತ್ತದೆ. ಬೆಳಿಗ್ಗೆ ಮೊದಲ ಕಾರು ಬಂದು ನೂರಾರು ವೋಲ್ಟ್ ಬಿದ್ದಾಗ ಆ ತೇವದ ಮೂಲಕ ಕರೆಂಟು ಸೋರಿ, ಇನ್ಸುಲೇಶನ್ ದೋಷ ಎಂದು ಪರದೆ ಕೆಂಪಾಗುತ್ತದೆ. ಉಪಾಯ ಸಣ್ಣದು. ಒಳಗೊಂದು ಪುಟ್ಟ ಹೀಟರ್ ಇಟ್ಟು ಗಾಳಿಯನ್ನು 20ರಿಂದ 25 ಡಿಗ್ರಿಗೆ ಏರಿಸಿದರೆ, ಅದೇ ನೀರಾವಿಯಿದ್ದರೂ ಆರ್ದ್ರತೆ ಶೇ. 95ರಿಂದ 70ಕ್ಕೆ ಇಳಿಯುತ್ತದೆ. ಆದರೆ ಆ ಹೀಟರಿಗೆ ಬೇರೆ ಸರ್ಕ್ಯೂಟಿನಿಂದ ಕರೆಂಟು ಕೊಡಬೇಕು. ಇಲ್ಲದಿದ್ದರೆ ಮುಖ್ಯ ಬ್ರೇಕರ್ ಟ್ರಿಪ್ ಆದಾಗ ಹೀಟರೂ ಆರಿ, ಯಂತ್ರ ಇನ್ನಷ್ಟು ಒದ್ದೆಯಾಗಿ, ಮತ್ತೆ ಏಳುವುದೇ ಇಲ್ಲ.

ಯಂತ್ರದ ಕಟ್ಟೆ ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಕೇಬಲ್ ಒಳಹೋಗುವ ತೂತನ್ನು ಬಿಗಿಯಾಗಿ ಮುಚ್ಚದಿದ್ದರೆ ಇರುವೆ, ಹಲ್ಲಿ, ಇಲಿ ಬೆಚ್ಚಗಿನ ಜಾಗ ಹುಡುಕಿ ಒಳಸೇರುತ್ತವೆ. ಮೇಲೆ ಸೂರು ಹಾಕುವುದಂತೂ ಕಡ್ಡಾಯ.

ಗನ್ನಿನ, ಅಂದರೆ ಕಾರಿಗೆ ಚುಚ್ಚುವ ಕೇಬಲ್ ತುದಿಯ, ಕಡೆ ಜನ ಗಮನ ಕೊಡುವುದು ಕಡಿಮೆ. ಚಾರ್ಜ್ ಮುಗಿದ ಮೇಲೆ ಸಿಸಿಎಸ್-2 ಮಾದರಿಯ ಗನ್ನನ್ನು ನೆಲಕ್ಕೆ ಬಿಟ್ಟರೆ ಕೆಳಗಿನ ಎರಡು ದಪ್ಪ ಡಿಸಿ ಸಂಪರ್ಕಗಳಿಗೆ ಕೆಸರು ಮೆತ್ತುತ್ತದೆ. ಸಂಪರ್ಕದ ರೋಧ ಅರ್ಧ ಮಿಲಿಓಮ್ ಇದ್ದಾಗ 150 ಆಂಪಿಯರಿಗೆ 11 ವ್ಯಾಟ್ ಶಾಖ. ಎರಡು ಮಿಲಿಓಮ್ ಆದರೆ 45 ವ್ಯಾಟ್, ಅದೂ ಹೆಬ್ಬೆರಳಿನಷ್ಟು ಜಾಗದಲ್ಲಿ. ಗನ್ನಿನೊಳಗಿನ ಸೆನ್ಸರ್ ಬಿಸಿ ಕಂಡು ಕರೆಂಟು ಇಳಿಸುತ್ತದೆ. 60ರ ಯಂತ್ರ 25 ಮಾತ್ರ ಕೊಡುತ್ತಿದೆ ಎಂಬ ದೂರಿದ್ದರೆ ಮೊದಲು ನೋಡಬೇಕಾದ್ದು ಇಲ್ಲಿ.

ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಆ್ಯಪ್ ಒಂದನ್ನೇ ನಂಬಿದ ಯಂತ್ರ ಕರೆಂಟಿದ್ದೂ ಪ್ರಯೋಜನಕ್ಕಿಲ್ಲ. ಎರಡು ಬೇರೆ ಬೇರೆ ಕಂಪನಿಯ ಸಿಮ್, ಜೊತೆಗೆ ನೆಟ್‌ವರ್ಕ್ ಇಲ್ಲದೆಯೂ ಕಾರ್ಡು ತೋರಿಸಿ ಶುರು ಮಾಡುವ ವ್ಯವಸ್ಥೆ ಬೇಕು. ಇನ್ನೊಂದು, ಕೆಂಪು ತುರ್ತು ಬಟನ್. ಯಾರೋ ಒತ್ತಿ ಹೋದರೆ ಅದನ್ನು ತಿರುಗಿಸಿ ಬಿಡಿಸುವವರೆಗೂ ಯಂತ್ರ ಎಷ್ಟು ರೀಸೆಟ್ ಮಾಡಿದರೂ ಏಳುವುದಿಲ್ಲ. ಇಷ್ಟಕ್ಕೆ ಹಾಸನದಿಂದ ತಂತ್ರಜ್ಞ ಬರಬೇಕಿಲ್ಲ. ಪಕ್ಕದ ಹೋಟೆಲಿನವರಿಗೋ ಬಂಕಿನ ಹುಡುಗನಿಗೋ ಬಟನ್ ಬಿಡಿಸುವುದು, ಫಿಲ್ಟರ್ ಒರೆಸುವುದು, ಗನ್ ಎತ್ತಿಡುವುದು ಕಲಿಸಿ ತಿಂಗಳಿಗಿಷ್ಟು ಅಂತ ಕೊಟ್ಟರೆ ಸಾಕು. ಜಾಗವನ್ನೂ ಅಂಥವರ ಅಂಗಳದಲ್ಲೇ ಹುಡುಕಬೇಕು: ಆಲೂರು, ಸಕಲೇಶಪುರ, ಬೇಲೂರು ಕಡೆ ಕಾಡಾನೆ ಓಡಾಡುವ ರಸ್ತೆಯಂಚಿನ ಕತ್ತಲಲ್ಲಿ ಯಾರನ್ನೂ ಮುಕ್ಕಾಲು ಗಂಟೆ ಕಾಯಿಸಬಾರದು.