ಕಡಲ ವಂಶದ ಬಸವನ ಹುಳು, ಘಟ್ಟದ ಬಂಡೆಯ ಮೇಲೆ

ಸಿಹಿನೀರಿನ ಬಸವನ ಹುಳು ಅಂದಕೂಡಲೇ ಕೆರೆ, ಗದ್ದೆ, ಹೊಳೆಯ ಕೆಸರು ನೆನಪಾಗುತ್ತದೆ, ಅಲ್ವಾ? ಕ್ರೆಮ್ನೋಕಾಂಕಸ್ ಎಂಬ ಬಸವನ ಹುಳು ಅಲ್ಲೆಲ್ಲ ಸಿಗುವುದಿಲ್ಲ. ವರ್ಷವಿಡೀ ನೀರು ಜಿನುಗುವ ಕಡಿದಾದ ಬಂಡೆ, ಅಬ್ಬಿಯ ತುಂತುರು ಬೀಳುವ ಜಾಗ ಇದಕ್ಕೆ ಬೇಕು. ಪಶ್ಚಿಮ ಘಟ್ಟದಲ್ಲಿ ಸುಮಾರು 300ರಿಂದ 1400 ಮೀಟರ್ ಎತ್ತರದಲ್ಲಿ ಮಾತ್ರ ಇದೆ.

ಇದರ ಕುಟುಂಬ ಲಿಟ್ಟೋರಿನಿಡೇ. ಈ ಕುಟುಂಬದವು ಜಗತ್ತಿನ ಹೆಚ್ಚಿನ ಕಡಲತೀರಗಳಲ್ಲಿ, ಅಲೆ ಬಡಿಯುವ ಬಂಡೆಗಳ ಮೇಲೆ ಕಾಣುತ್ತವೆ. ಅವುಗಳಲ್ಲಿ ಸಿಹಿನೀರಿನಲ್ಲಿ ನೆಲೆಸಿದ ಕುಲ (ಹತ್ತಿರದ ಪ್ರಭೇದಗಳ ಗುಂಪು) ಇದೊಂದೇ. ಉಪಕುಟುಂಬ ಲಾಕುನಿನೇ, ಅದರ ಉಳಿದ ಸದಸ್ಯರು ಹೆಚ್ಚಾಗಿ ತಣ್ಣನೆ ಕಡಲುಗಳಲ್ಲಿದ್ದಾರೆ. ಇದು ಮಾತ್ರ ಬಂದು ಮಲೆನಾಡಿನ ಮಳೆಯಲ್ಲಿ ಕೂತಿದೆ!

ಕೂತ ಜಾಗ ನೋಡಿದರೆ ನನಗಂತೂ ಅಷ್ಟೇನೂ ಅಚ್ಚರಿಯಿಲ್ಲ. ಕಡಲತೀರದಲ್ಲೂ ಬಂಡೆ, ತುಂತುರು, ಪಾಚಿ, ಇಲ್ಲೂ ಅದೇ. ಕಷ್ಟವಿರುವುದು ಉಪ್ಪಿನಲ್ಲಿ. ಸಿಹಿನೀರಿನಲ್ಲಿ ಹುಳುವಿನ ಮೈಯೊಳಗೆ ನೀರು ನುಗ್ಗುತ್ತಲೇ ಇರುತ್ತದೆ, ಲವಣ ಸೋರುತ್ತದೆ. ಹೆಚ್ಚಿನ ನೀರನ್ನು ಹೊರಹಾಕಿ ಲವಣ ಉಳಿಸಿಕೊಳ್ಳಲು ಬರದಿದ್ದರೆ ಇಲ್ಲಿ ಬದುಕಲಾಗದು. ಊಟದ ಕ್ರಮ ಸರಳ: ಸಾಲು ಹಲ್ಲುಗಳಿರುವ ರಾಡುಲಾ ಎಂಬ ಅಂಗದಿಂದ, ಅರ ಉಜ್ಜಿದಂತೆ, ಬಂಡೆಯ ಪಾಚಿ ಕೆರೆದು ತಿನ್ನುತ್ತದೆ.

ಕುಲಕ್ಕೆ 1869ರಲ್ಲಿ ಹೆಸರಿಟ್ಟವರು ಪ್ರಕೃತಿ ವಿಜ್ಞಾನಿ ಬ್ಲ್ಯಾನ್‌ಫೋರ್ಡ್. ಆ ಶತಮಾನದಲ್ಲಿ ಗುರುತಿಸಿದ್ದು ಮೂರು ಪ್ರಭೇದ, ಮೂರೂ ಮಹಾರಾಷ್ಟ್ರದವು. 2013ರಲ್ಲಿ ರೀಡ್, ಅರವಿಂದ್, ಮಧ್ಯಸ್ಥ ಎಂಬ ಸಂಶೋಧಕರು ಸೇರಿ ಇನ್ನೂ ಆರನ್ನು ವಿವರಿಸಿದರು. ಅವುಗಳಲ್ಲಿ ಮೂರು ಕರ್ನಾಟಕದವು: ಅಗುಂಬೆನ್ಸಿಸ್, ಕ್ಯಾಸ್ಟೇನಿಯಾ, ಹನುಮಾನಿ. ಮೊದಲನೆಯದು ಯಾವ ಊರಿನದೆಂದು ಹೇಳಬೇಕಿಲ್ಲ.

ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟೊಂದು ಪ್ರಭೇದ ಯಾಕೆ? ಎರಡು ಅಬ್ಬಿಗಳ ನಡುವೆ ಒಣ ಇಳಿಜಾರು, ಕಾಡು, ಕಣಿವೆ. ಸೆಂಟಿಮೀಟರ್ ಆಸುಪಾಸಿನ ಹುಳು ಅದನ್ನು ದಾಟುವುದು ಕಷ್ಟ. ಕೂಡಲು ಆಗದ ಗುಂಪುಗಳು ಕಾಲ ಕಳೆದಂತೆ ಬೇರೆ ಬೇರೆ ಪ್ರಭೇದಗಳಾಗುತ್ತವೆ. ಇವು ವಿರಳವಾಗಿರುವುದಕ್ಕೂ ಅದೇ ಕಾರಣ. ಒಂದು ಬಂಡೆಯ ಮೇಲೆ ಎಷ್ಟಿವೆ ಎಂದು ಸುಮ್ನೆ ಎಣಿಸಿ ಪ್ರಯೋಜನವಿಲ್ಲ. ಅಂಥ ಬಂಡೆಗಳು ಎಷ್ಟಿವೆ ಎಂದು ನೋಡಬೇಕು. ಮೇಲ್ಗಡೆ ಪೈಪ್ ಹಾಕಿ ಝರಿಯ ನೀರು ತಿರುಗಿಸಿದರೆ ಕೆಳಗಿನ ಗೋಡೆ ಬೇಸಿಗೆಯಲ್ಲಿ ಒಣಗುತ್ತದೆ. ಅಲ್ಲಿದ್ದವು ಸತ್ತರೆ ಪಕ್ಕದ ಕಣಿವೆಯಿಂದ ಬಂದು ತುಂಬುವವು ಯಾರೂ ಇಲ್ಲ.